ಒತ್ತಿದ್ದು ಒಂದು, ಆಗಿದ್ದು ಇನ್ನೊಂದು: ಕೀಬೋರ್ಡ್ ಶಾರ್ಟ್‌ಕಟ್‌ಗಳ ಜಗಳ ಬಿಡಿಸುವುದು ಹೇಗೆ

ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಪದ ಸೆಲೆಕ್ಟ್ ಮಾಡಲು ಹೋಗುತ್ತೀರಿ, ಕನ್ನಡ ಹೋಗಿ ತೆಲುಗು ಬಂದು ಕೂರುತ್ತದೆ. ರೂಪಾಯಿ ಚಿಹ್ನೆ ಹಾಕಲು ಹೋದರೆ ಕ್ಯಾಲ್ಕುಲೇಟರ್ ತೆರೆಯುತ್ತದೆ. ನಿನ್ನೆ ಕೆಲಸ ಮಾಡಿದ ಶಾರ್ಟ್‌ಕಟ್ ಇವತ್ತು ಸುಮ್ಮನಿದೆ. ಇಂಥ ದೂರು ಹೊತ್ತು ಬರುವವರು ಸಾಮಾನ್ಯವಾಗಿ ತೀರ್ಪನ್ನೂ ಜೊತೆಗೇ ತಂದಿರುತ್ತಾರೆ: "ವೈರಸ್ ಬಂದೈತಣ್ಣ, ಫಾರ್ಮ್ಯಾಟ್ ಹೊಡೆದುಬಿಡು."

ಫಾರ್ಮ್ಯಾಟ್ ಬೇಡ. ಬಹಳ ಸಲ ಆಗಿರುವುದು ಇಷ್ಟೇ: ಒಂದೇ ಕೀ ಜೋಡಿಯನ್ನು ಎರಡು ಪ್ರೋಗ್ರಾಂಗಳು ತಮ್ಮದು ಅನ್ನುತ್ತಿವೆ. ಬಳ್ಳಾರಿಯಲ್ಲಿ ಇದು ಜಾಸ್ತಿ ಕಾಣುವುದಕ್ಕೂ ಕಾರಣವಿದೆ. ಇಲ್ಲಿನ ಡಿಟಿಪಿ ಅಂಗಡಿಯ ಒಂದೇ ಸಿಸ್ಟಮ್‌ನಲ್ಲಿ ಬೆಳಿಗ್ಗೆ ಕನ್ನಡ ಲಗ್ನಪತ್ರಿಕೆ, ಮಧ್ಯಾಹ್ನ ತೆಲುಗು ಬ್ಯಾನರ್, ಸಂಜೆ ಉರ್ದು ಕಾರ್ಡ್ ತಯಾರಾಗಬಹುದು. ಹೀಗಾಗಿ ಕನ್ನಡ ಟೈಪಿಂಗ್‌ಗೆ ನುಡಿ ತಂತ್ರಾಂಶ ಇರುತ್ತದೆ, ಒಂದು ತೆಲುಗು ತಂತ್ರಾಂಶ ಇರುತ್ತದೆ, ಉರ್ದುವಿಗೆ ಇನ್‌ಪೇಜ್ ಇರುತ್ತದೆ, ಇವುಗಳ ಜೊತೆ ವಿಂಡೋಸ್‌ನದ್ದೇ ಭಾಷೆಗಳೂ ಇರುತ್ತವೆ. ಭಾಷೆ ಬದಲಿಸಲು ಪ್ರತಿಯೊಂದಕ್ಕೂ ಒಂದು ಕೀ ಬೇಕು.

ವಿಂಡೋಸ್‌ನಲ್ಲಿ ಹಾಟ್‌ಕೀ (ಯಾವ ಕಿಟಕಿ ತೆರೆದಿದ್ದರೂ ಕೆಲಸ ಮಾಡುವ ಶಾರ್ಟ್‌ಕಟ್) ಹಂಚಿಕೆ ನಮ್ಮ ಬಸ್ ಸೀಟಿನ ಹಾಗೆ. ಕಿಟಕಿಯಿಂದ ಮೊದಲು ಟವೆಲ್ ಹಾಕಿದವರಿಗೆ ಸೀಟು. ಎರಡನೆಯ ಪ್ರೋಗ್ರಾಂ ಅದೇ ಕೀ ಕೇಳಿದರೆ ವಿಂಡೋಸ್ ಕೊಡುವುದಿಲ್ಲ. ಆದರೆ "ನನಗೆ ಕೀ ಸಿಗಲಿಲ್ಲ" ಎಂದು ಆ ಪ್ರೋಗ್ರಾಂ ನಿಮಗೆ ಹೇಳಬೇಕಲ್ಲ? ಎಷ್ಟೋ ಪ್ರೋಗ್ರಾಂಗಳು ಹೇಳುವುದೇ ಇಲ್ಲ. ಸಿಸ್ಟಮ್ ಆನ್ ಆದಾಗ ಯಾವುದು ಮೊದಲು ಎದ್ದಿತೋ ಅದಕ್ಕೆ ಕೀ ಹೋಗುತ್ತದೆ. ಹಾಗಾಗಿಯೇ ಒಂದು ದಿನ ಸರಿ ಇದ್ದದ್ದು ಮರುದಿನ ಕೆಡುತ್ತದೆ. ಯಾವ ಕೀ ಯಾರ ಹತ್ತಿರ ಇದೆ ಎಂದು ತೋರಿಸುವ ಪಟ್ಟಿ ವಿಂಡೋಸ್‌ನಲ್ಲಿ ಇಲ್ಲ. ನಾವೇ ಹುಡುಕಬೇಕು.

ನೀವು ಒತ್ತಿದ ಕೀ ಮೊದಲು ಕೀಬೋರ್ಡ್ ದಾಟಬೇಕು, ಆಮೇಲೆ ವಿಂಡೋಸ್, ಆಮೇಲೆ ಹಿಂದೆ ಓಡುತ್ತಿರುವ ಪ್ರೋಗ್ರಾಂಗಳು, ಕೊನೆಗೆ ನಿಮ್ಮ ಮುಂದೆ ತೆರೆದಿರುವ ಕಿಟಕಿ. ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಲಕ್ಷಣವೇ ಹೇಳುತ್ತದೆ. ಶುರು ಮಾಡುವ ಮುಂಚೆ ತೆರೆದಿರುವ ಫೈಲ್‌ಗಳನ್ನೆಲ್ಲ ಸೇವ್ ಮಾಡಿ. ಪರೀಕ್ಷೆಗೆಂದು ಒತ್ತಿದ ಕೀ ಫೈಲನ್ನೇ ಮುಚ್ಚಿಬಿಟ್ಟೀತು.

ಲಕ್ಷಣ: ಏನು ಒತ್ತಿದರೂ ಏನೂ ಆಗುತ್ತಿಲ್ಲ

ಮೊದಲು ಕೀಬೋರ್ಡನ್ನೇ ಅನುಮಾನಿಸಿ. ಇದಕ್ಕೆ ಖರ್ಚಿಲ್ಲ. ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೆ ಕೀಬೋರ್ಡ್ ಬರುತ್ತದೆ. ಬರದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಆನ್-ಸ್ಕ್ರೀನ್ ಕೀಬೋರ್ಡ್ ಹುಡುಕಿ ಮೌಸ್‌ನಿಂದ ತೆರೆಯಿರಿ. ಈಗ ನಿಮ್ಮ ಕೀಬೋರ್ಡಿನ ಕಂಟ್ರೋಲ್, ಆಲ್ಟ್, ಶಿಫ್ಟ್‌ಗಳನ್ನು ಒಂದೊಂದಾಗಿ ಒತ್ತಿ. ಪರದೆಯಲ್ಲಿ ಅದೇ ಕೀ ಬಣ್ಣ ಬದಲಿಸಿದರೆ ಒತ್ತಿದ್ದು ಒಳಗೆ ತಲುಪಿದೆ ಎಂದರ್ಥ. ಬದಲಾಗದಿದ್ದರೆ ದೋಷ ಕೀಬೋರ್ಡಿನದು, ಸೆಟ್ಟಿಂಗ್ಸ್ ಹುಡುಕುವುದು ವ್ಯರ್ಥ. ಕೈ ಎತ್ತಿದರೂ ಒಂದು ಕೀ ಬಣ್ಣದಲ್ಲೇ ಉಳಿದರೆ ಅದು ಕೆಳಗೆ ಅಂಟಿಕೊಂಡಿದೆ. ಕಂಟ್ರೋಲ್ ಹೀಗೆ ಅಂಟಿಕೊಂಡರೆ ಎಸ್ ಒತ್ತಿದಾಗ ಅಕ್ಷರ ಮೂಡುವುದಿಲ್ಲ, ಫೈಲ್ ಸೇವ್ ಆಗುತ್ತದೆ.

ಸಂಡೂರಿನ ಕಡೆ ಅದಿರು ಲಾರಿ ಓಡಾಡುವ ರಸ್ತೆ ಬದಿಯ ಅಂಗಡಿಗಳಲ್ಲಿ, ಗಂಗಾವತಿಯ ರೈಸ್ ಮಿಲ್ ಆಫೀಸುಗಳಲ್ಲಿ ಇದಕ್ಕೆ ಕಾರಣ ಧೂಳೇ. ಸಿಸ್ಟಮ್ ಆಫ್ ಮಾಡಿ, ವೈರ್ ಬಿಚ್ಚಿ, ಕೀಬೋರ್ಡ್ ಬೋರಲು ಹಾಕಿ ಮೆಲ್ಲಗೆ ತಟ್ಟಿ. ಪೇಂಟ್ ಬ್ರಷ್‌ನಿಂದ ಸಂದು ಝಾಡಿಸಿ. ಒದ್ದೆ ಬಟ್ಟೆ ಹಿಂಡುವುದು ಬೇಡ. ಚಹಾ ಚೆಲ್ಲಿದ್ದರೆ ಮೊದಲು ವೈರ್ ಬಿಚ್ಚಿ. ಲ್ಯಾಪ್‌ಟಾಪ್ ಮೇಲೆ ಚೆಲ್ಲಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಚಾರ್ಜರ್ ತೆಗೆದು, ಆನ್ ಮಾಡಿ ನೋಡುವ ಆಸೆ ಬಿಟ್ಟು ರಿಪೇರಿಗೆ ಒಯ್ಯಿರಿ.

ಇನ್ನೊಂದು ವಿಷಯ. ಕಡಿಮೆ ಬೆಲೆಯ ಕೀಬೋರ್ಡುಗಳು ಕೆಲವು ಮೂರು ಕೀ ಜೋಡಿಗಳನ್ನು ಗುರುತಿಸುವುದೇ ಇಲ್ಲ. ಎರಡು ಕೀ ಸರಿ, ಮೂರನೆಯದು ಮಾಯ. ಒಳಗಿನ ತಂತಿಗಳ ಜೋಡಣೆಯೇ ಹಾಗಿರುತ್ತದೆ. ಪಕ್ಕದ ಟೇಬಲ್‌ನ ಕೀಬೋರ್ಡ್ ಹಾಕಿ ನೋಡಿ. ಅದರಲ್ಲಿ ಸರಿ ಬಂದರೆ ವಿಷಯ ಮುಗಿಯಿತು.

ಕೀ ನಿಧಾನಕ್ಕೆ ಸ್ಪಂದಿಸುತ್ತಿದೆಯೇ, ಸುಮ್ನೆ ಮುಟ್ಟಿದರೆ ಅಕ್ಷರ ಬೀಳುತ್ತಿಲ್ಲವೇ? ಬಲಗಡೆಯ ಶಿಫ್ಟ್ ಅನ್ನು ಎಂಟು ಸೆಕೆಂಡ್ ಹಿಡಿದರೆ ಫಿಲ್ಟರ್ ಕೀಸ್ ಶುರುವಾಗುತ್ತದೆ. ಶಿಫ್ಟ್ ಅನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್, ಅಂದರೆ ಒತ್ತಿ ಬಿಟ್ಟ ಶಿಫ್ಟ್, ಕಂಟ್ರೋಲ್ ಹಿಡಿದ ಹಾಗೇ ಉಳಿಯುವುದು. ಯೋಚನೆ ಮಾಡುತ್ತಾ ಶಿಫ್ಟ್ ಮೇಲೆ ಬೆರಳು ಇಟ್ಟು ಕೂರುವವರಿಗೆ ಇದು ತಪ್ಪಿದ್ದಲ್ಲ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಕೀಬೋರ್ಡ್ ತೆರೆದು ಎರಡನ್ನೂ ಆಫ್ ಮಾಡಿ. ಅವುಗಳ ಶಾರ್ಟ್‌ಕಟ್ ಕೂಡ ಅಲ್ಲೇ ಇದೆ, ಅದನ್ನೂ ಆಫ್ ಮಾಡಿ. ಇಲ್ಲದಿದ್ದರೆ ಮತ್ತೆ ಬರುತ್ತದೆ.

ಲಕ್ಷಣ: ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಎಫ್8 ಒತ್ತಿದರೆ ಸೇಲ್ಸ್ ವೋಚರ್ ಬರುವುದಿಲ್ಲ, ಬೆಳಕೋ ಸದ್ದೋ ಬದಲಾಗುತ್ತದೆ

ಇದು ಹೆಚ್ಚಾಗಿ ಲ್ಯಾಪ್‌ಟಾಪ್‌ಗಳಲ್ಲಿ. ಎಫ್ ಸಾಲಿನ ಕೀಗಳಿಗೆ ಎರಡು ಕೆಲಸ ಇರುತ್ತವೆ. ಎಫ್ಎನ್ ಹಿಡಿದು ಎಫ್8 ಒತ್ತಿ. ವೋಚರ್ ಬಂದರೆ ಟ್ಯಾಲಿಯದ್ದು ಏನೂ ತಪ್ಪಿಲ್ಲ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಇದು ಅದಲುಬದಲಾಗುತ್ತದೆ. ದಿನವಿಡೀ ವೋಚರ್ ಹಾಕುವವರು ಹೊರಗಿನ ಕೀಬೋರ್ಡ್ ಒಂದನ್ನು ಜೋಡಿಸಿಕೊಳ್ಳುವುದೇ ವಾಸಿ.

ಲಕ್ಷಣ: ಎಕ್ಸೆಲ್‌ನಲ್ಲಿ ಆರೋ ಒತ್ತಿದರೆ ಶೀಟೇ ಜಾರುತ್ತದೆ

"ಅಣ್ಣ, ಹಸಿರು ಡಬ್ಬಿ ನಿಂತಲ್ಲೇ ನಿಂತೈತೆ, ಹಾಳೆ ಮಾತ್ರ ಮ್ಯಾಲಕ್ಕೆ ಓಡ್ತೈತೆ." ಫಲಾನುಭವಿಗಳ ಪಟ್ಟಿ ಟೈಪ್ ಮಾಡುವ ಆಪರೇಟರ್‌ಗಳ ಬಾಯಿಂದ ಈ ಮಾತು ಪದೇ ಪದೇ ಬರುತ್ತದೆ. ಇದಕ್ಕಿಂತ ಚೆನ್ನಾಗಿ ಲಕ್ಷಣ ಹೇಳಲು ಆಗುವುದಿಲ್ಲ. ಬಿ12ರಲ್ಲಿ ಹೆಸರು ಹೊಡೆದು ಕೆಳಗಿನ ಆರೋ ಒತ್ತುತ್ತಾರೆ. ಬಿ13ಕ್ಕೆ ಹೋಗಬೇಕಾದ ಚೌಕ ಬಿ12ರಲ್ಲೇ ಇರುತ್ತದೆ, ಇಡೀ ಪಟ್ಟಿ ಒಂದು ಸಾಲು ಮೇಲೆ ಸರಿಯುತ್ತದೆ. ಗಮನಿಸದೆ ಮುಂದಿನ ಹೆಸರು ಹೊಡೆದರೆ ಹಿಂದಿನ ಹೆಸರು ಅಳಿಸಿಹೋಗುತ್ತದೆ. ಇಲ್ಲಿ ಹುಷಾರಾಗಿರಬೇಕು, ಅಲ್ವಾ? ಪಟ್ಟಿಯಲ್ಲಿ ಒಬ್ಬರ ಹೆಸರು ಹೋದರೆ ಅದು ಕೀಬೋರ್ಡಿನ ವಿಷಯವಾಗಿ ಉಳಿಯುವುದಿಲ್ಲ. ಹೀಗಾಗಿದೆ ಅನಿಸಿದ ಕೂಡಲೇ ಟೈಪಿಂಗ್ ನಿಲ್ಲಿಸಿ, ಕಂಟ್ರೋಲ್ ಮತ್ತು ಝಡ್ ಒತ್ತುತ್ತಾ ಹಿಂದಕ್ಕೆ ಬನ್ನಿ.

ಕಾರಣ ಸ್ಕ್ರಾಲ್ ಲಾಕ್. ಎಕ್ಸೆಲ್‌ಗೆ ಸ್ಕ್ರಾಲ್ ಲಾಕ್ ಆನ್ ಎಂದರೆ "ಆರೋ ಒತ್ತಿದಾಗ ಚೌಕ ಬೇಡ, ಹಾಳೆ ಸರಿಸು" ಎಂದು. ಹಳೆಯ ನುಡಿಗೆ ಅದೇ ಕೀ ಕನ್ನಡ ಮತ್ತು ಇಂಗ್ಲಿಷ್ ನಡುವಿನ ಸ್ವಿಚ್. ಇಬ್ಬರ ಪಾಲಿಗೂ ಅವರವರ ಕೆಲಸ ಸರಿಯಾಗಿಯೇ ಇದೆ. ನಡುವೆ ಸಿಕ್ಕಿಬಿದ್ದವರು ನಾವು.

ಖಚಿತ ಮಾಡಿಕೊಳ್ಳಲು ಎಕ್ಸೆಲ್ ಕಿಟಕಿಯ ಕೆಳಗಿನ ಪಟ್ಟಿಯ ಎಡಭಾಗ ನೋಡಿ. ಸ್ಕ್ರಾಲ್ ಲಾಕ್ ಎಂದು ಬರೆದಿದ್ದರೆ ಇದೇ ರೋಗ. ಕಾಣದಿದ್ದರೆ ಆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ರಾಲ್ ಲಾಕ್‌ಗೆ ಟಿಕ್ ಹಾಕಿ. ಕೀಬೋರ್ಡಿನ ಮೂರನೇ ದೀಪವೂ ಅದನ್ನೇ ಹೇಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆ ಕೀ ಇಲ್ಲದಿದ್ದರೆ ಆನ್-ಸ್ಕ್ರೀನ್ ಕೀಬೋರ್ಡ್ ತೆರೆದು ಮೌಸ್‌ನಿಂದ ಒತ್ತಿ.

ಆಫ್ ಮಾಡಿದರೆ ಆರೋ ಸರಿ, ಆದರೆ ಕನ್ನಡ ಹೋಯಿತು. ಇದಕ್ಕೆ ಯಾವ ಸೆಟ್ಟಿಂಗೂ ಮುಟ್ಟದ ದಾರಿ ಒಂದಿದೆ: ಆರೋ ಬಿಡಿ. ಕೆಳಗೆ ಹೋಗಲು ಎಂಟರ್, ಬಲಕ್ಕೆ ಟ್ಯಾಬ್, ಮೇಲಕ್ಕೆ ಶಿಫ್ಟ್ ಜೊತೆ ಎಂಟರ್, ಎಡಕ್ಕೆ ಶಿಫ್ಟ್ ಜೊತೆ ಟ್ಯಾಬ್. ಸ್ಕ್ರಾಲ್ ಲಾಕ್ ಆನ್ ಇದ್ದರೂ ಇವು ನೆಟ್ಟಗೆ ಕೆಲಸ ಮಾಡುತ್ತವೆ. ಪಟ್ಟಿ ತುಂಬುವ ಕೆಲಸಕ್ಕೆ ಇದು ಆರೋಗಿಂತ ಚುರುಕು ಕೂಡ.

ಶಾಶ್ವತ ಪರಿಹಾರ ಬೇಕೆಂದರೆ ವಿಂಡೋಸ್‌ನಲ್ಲೇ ಇರುವ ಯೂನಿಕೋಡ್ ಕನ್ನಡಕ್ಕೆ (ಎಲ್ಲ ಕಡೆ ಒಂದೇ ಥರ ಓದಲಾಗುವ ಅಕ್ಷರ ಪದ್ಧತಿ) ಬನ್ನಿ. ಅಲ್ಲಿ ಭಾಷೆ ಬದಲಿಸುವುದು ವಿಂಡೋಸ್ ಕೀ ಮತ್ತು ಸ್ಪೇಸ್‌ನಿಂದ, ಸ್ಕ್ರಾಲ್ ಲಾಕ್ ಪ್ರಶ್ನೆಯೇ ಇಲ್ಲ. ಆದರೆ ಫೈಲ್ ಯಾರಿಗೆ ಹೋಗುತ್ತದೆ ಎಂದು ಮೊದಲು ಕೇಳಿ. ಹಳೆಯ ನುಡಿ ಫಾಂಟ್‌ನಲ್ಲಿ ಇರುವ ಪಟ್ಟಿಯ ನಡುವೆ ಯೂನಿಕೋಡ್ ಸಾಲು ಸೇರಿಸಿದರೆ ಹುಡುಕುವುದು, ಅಕಾರಾದಿ ಜೋಡಿಸುವುದು ಎಲ್ಲ ಕೆಡುತ್ತದೆ. ಒಂದು ಫೈಲ್‌ಗೆ ಒಂದೇ ಪದ್ಧತಿ ಇರಲಿ.

ಲಕ್ಷಣ: ಕೆಲಸದ ನಡುವೆ ಭಾಷೆ ತಾನೇ ಬದಲಾಗುತ್ತದೆ

ಬದಲಾಗುವ ಹೊತ್ತಿಗೆ ನಿಮ್ಮ ಬೆರಳು ಎಲ್ಲಿತ್ತು ನೆನಪಿಸಿಕೊಳ್ಳಿ. ಶಿಫ್ಟ್ ಮೇಲೆ ಇತ್ತು ಅಂದರೆ ಕಳ್ಳ ಸಿಕ್ಕ. ವಿಂಡೋಸ್‌ನಲ್ಲಿ ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಸೇರಿದರೆ ಭಾಷೆ ಬದಲು. ಕಂಟ್ರೋಲ್ ಮತ್ತು ಶಿಫ್ಟ್ ಸೇರಿದರೆ ಒಂದೇ ಭಾಷೆಯೊಳಗೆ ಕೀಬೋರ್ಡ್ ವಿನ್ಯಾಸ ಬದಲು. ಕೆಲವು ಸಿಸ್ಟಮ್‌ಗಳಲ್ಲಿ ಭಾಷೆ ಬದಲಿಸಲೂ ಇದನ್ನೇ ಇಟ್ಟಿರುತ್ತಾರೆ. ಫೋಟೋಶಾಪ್, ಕೋರಲ್‌ಡ್ರಾ, ಎಕ್ಸೆಲ್ ಮೂರರಲ್ಲೂ ಈ ಜೋಡಿಗಳ ಮೇಲೆಯೇ ಹತ್ತಾರು ಶಾರ್ಟ್‌ಕಟ್ ನಿಂತಿವೆ. ಮೂರನೇ ಕೀ ಒತ್ತುವ ಮುಂಚೆ ಕೈ ಎತ್ತಿದರೆ ಸಾಕು, ಭಾಷೆ ಬದಲಾಗಿರುತ್ತದೆ. ಆಮೇಲೆ ಫೋಟೋಶಾಪ್‌ನಲ್ಲಿ ಮೂವ್ ಟೂಲ್‌ಗೆ ವಿ ಒತ್ತಿದರೆ ಅದು ವಿ ಆಗಿ ಹೋಗುವುದಿಲ್ಲ. "ಫೋಟೋಶಾಪ್ ಕೆಟ್ಟಿದೆ" ಎಂಬ ದೂರಿನಲ್ಲಿ ಎಷ್ಟೋ ಸಲ ಇರುವುದು ಇದೇ.

ಸುಲಭದ ಕೆಲಸ ಮೊದಲು: ಬೇಡದ ಭಾಷೆ ತೆಗೆಯಿರಿ. ಟಾಸ್ಕ್‌ಬಾರ್‌ನ ಬಲಗಡೆ ಭಾಷೆಯ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಪಟ್ಟಿ ಕಾಣುತ್ತದೆ. ಇಂಗ್ಲಿಷೇ ಎರಡೆರಡು ಇರುತ್ತದೆ, ಅಮೆರಿಕದ್ದೊಂದು, ಭಾರತದ್ದೊಂದು. ಭಾರತದ್ದನ್ನು ಇಟ್ಟುಕೊಳ್ಳಿ. ಅದರಲ್ಲಿ ಬಲ ಆಲ್ಟ್ ಮತ್ತು 4 ಒತ್ತಿದರೆ ₹ ಬರುತ್ತದೆ, ಲೆಕ್ಕ ಬರೆಯುವವರಿಗೆ ಬೇಕು.

ಆಮೇಲೆ ಜೋಡಿಯನ್ನೇ ಬಿಡಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್, ಅದರೊಳಗೆ ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್. ವಿಂಡೋಸ್ 10ರಲ್ಲಿ ಟೈಪಿಂಗ್ ಸಿಗುವುದು ಡಿವೈಸಸ್ ಒಳಗೆ. ತೆರೆದ ಚಿಕ್ಕ ಕಿಟಕಿಯಲ್ಲಿ ಬಿಟ್ವೀನ್ ಇನ್‌ಪುಟ್ ಲ್ಯಾಂಗ್ವೇಜಸ್ ಸಾಲು ಆರಿಸಿ, ಚೇಂಜ್ ಕೀ ಸೀಕ್ವೆನ್ಸ್ ಒತ್ತಿ, ಎರಡೂ ಕಡೆ ನಾಟ್ ಅಸೈನ್ಡ್ ಎಂದು ಗುರುತು ಹಾಕಿ. ಹೆದರಬೇಡಿ, ವಿಂಡೋಸ್ ಕೀ ಮತ್ತು ಸ್ಪೇಸ್ ಜೋಡಿ ಆಗಲೂ ಇರುತ್ತದೆ.

ಮೂರು ಭಾಷೆ ನಿತ್ಯ ಬಳಸುವವರಿಗೆ ಅದೇ ಕಿಟಕಿಯಲ್ಲಿ ಇನ್ನೊಂದು ಸೌಲಭ್ಯ ಇದೆ, ಯಾಕೋ ಯಾರೂ ಅದನ್ನು ನೋಡುವುದಿಲ್ಲ. ಪ್ರತಿ ಭಾಷೆಯ ಸಾಲಿಗೂ ಬೇರೆ ಕೀ ಕೊಡಬಹುದು. ಎಡ ಆಲ್ಟ್, ಶಿಫ್ಟ್ ಜೊತೆ 1 ಇಂಗ್ಲಿಷ್, 2 ಕನ್ನಡ, 3 ತೆಲುಗು. ಸುತ್ತು ಹೊಡೆಯುತ್ತಾ "ಈಗ ಯಾವುದರಲ್ಲಿ ಇದ್ದೀನಿ" ಎಂದು ನೋಡುವ ಕಾಟ ತಪ್ಪುತ್ತದೆ. ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲೇ ಪ್ರತಿ ಕಿಟಕಿಗೂ ಬೇರೆ ಭಾಷೆ ನೆನಪಿಡುವ ಟಿಕ್ ಗುರುತು ಕೂಡ ಇದೆ. ಅದನ್ನು ಹಾಕಿದರೆ ವರ್ಡ್‌ನಲ್ಲಿ ಕನ್ನಡ, ಫೋಟೋಶಾಪ್‌ನಲ್ಲಿ ಇಂಗ್ಲಿಷ್ ಹಾಗೇ ಉಳಿಯುತ್ತವೆ. ಡಿಟಿಪಿ ಅಂಗಡಿಗೆ ನಾನು ಮೊದಲು ಮಾಡಿಕೊಡುವುದು ಇದನ್ನೇ.

ಲಕ್ಷಣ: ಪರದೆ ತಲೆಕೆಳಗಾಗಿದೆ

ಗಾಬರಿ ಬೇಡ, ಮಾನಿಟರ್ ಎತ್ತಿ ತಿರುಗಿಸುವುದೂ ಬೇಡ. ಹಳೆಯ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಇರುವ ಸಿಸ್ಟಮ್‌ಗಳಲ್ಲಿ ಕಂಟ್ರೋಲ್, ಆಲ್ಟ್ ಜೊತೆ ಆರೋ ಒತ್ತಿದರೆ ಪರದೆ ತಿರುಗುತ್ತದೆ. ಮೇಲಿನ ಆರೋ ಒತ್ತಿದರೆ ನೆಟ್ಟಗಾಗುತ್ತದೆ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಗ್ರಾಫಿಕ್ಸ್ ಆಪ್ಷನ್ಸ್‌ನಲ್ಲಿ ಹಾಟ್ ಕೀಸ್ ಡಿಸೇಬಲ್ ಮಾಡಿದರೆ ಮುಂದೆ ಈ ಆಟ ಇರುವುದಿಲ್ಲ.

ಲಕ್ಷಣ: ಯಾವ ಪ್ರೋಗ್ರಾಂನಲ್ಲಿ ಒತ್ತಿದರೂ ಬೇರೆಯದೇ ಏನೋ ತೆರೆಯುತ್ತದೆ

ಎಲ್ಲ ಕಡೆ ಇದೇ ಆಗುತ್ತಿದ್ದರೆ ಕೀ ಹಿಡಿದವರು ಹಿಂದೆ ಓಡುತ್ತಿದ್ದಾರೆ. ತೆರೆದುಕೊಂಡದ್ದು ಏನೆಂದು ನೋಡಿದರೆ ಅರ್ಧ ಉತ್ತರ ಸಿಕ್ಕ ಹಾಗೆ. ಪ್ರಿಂಟ್ ಸ್ಕ್ರೀನ್ ಒತ್ತಿದಾಗ ಸ್ನಿಪ್ಪಿಂಗ್ ಟೂಲ್ ಬಂದರೆ ಅದು ವಿಂಡೋಸ್ 11ರದ್ದೇ ಸೆಟ್ಟಿಂಗ್, ಆಕ್ಸೆಸಿಬಿಲಿಟಿಯ ಕೀಬೋರ್ಡ್ ಪುಟದಲ್ಲಿ ಆಫ್ ಮಾಡಬಹುದು. ವರ್ಡ್‌ನಲ್ಲಿ ರಿವ್ಯೂ ಟ್ಯಾಬ್‌ಗೆಂದು ಆಲ್ಟ್ ಮತ್ತು ಆರ್ ಒತ್ತಿದಾಗ ಗ್ರಾಫಿಕ್ಸ್ ಕಾರ್ಡಿನ ಕಿಟಕಿ ಬಂದರೆ ಎಎಂಡಿ ಅಥವಾ ಎನ್‌ವಿಡಿಯಾದ ತಂತ್ರಾಂಶದೊಳಗೆ ಹೋಗಿ ಆ ಕೀ ತೆಗೆಯಿರಿ.

ಕ್ಯಾಲ್ಕುಲೇಟರ್ ಥರದ್ದು ತೆರೆದರೆ ಡೆಸ್ಕ್‌ಟಾಪ್ ಐಕಾನ್‌ಗಳನ್ನು ನೋಡಿ. ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶಾರ್ಟ್‌ಕಟ್ ಟ್ಯಾಬ್, ಅಲ್ಲಿ ಶಾರ್ಟ್‌ಕಟ್ ಕೀ ಎಂಬ ಖಾನೆ. ಯಾರೋ ಎಂದೋ ಕಂಟ್ರೋಲ್, ಆಲ್ಟ್, 4 ಕೊಟ್ಟಿರುತ್ತಾರೆ. ಭಾರತದ ಇಂಗ್ಲಿಷ್‌ನಲ್ಲಿ ಬಲ ಆಲ್ಟ್ ಒತ್ತಿದರೂ ವಿಂಡೋಸ್‌ಗೆ ಅದು ಕಂಟ್ರೋಲ್ ಮತ್ತು ಆಲ್ಟ್ ಸೇರಿದ ಹಾಗೇ. ₹ ಬರಬೇಕಾದಲ್ಲಿ ಕ್ಯಾಲ್ಕುಲೇಟರ್ ಬರುವುದು ಹೀಗೆ. ಖಾನೆಯಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ನನ್ (ಏನೂ ಇಲ್ಲ) ಎಂದಾಗುತ್ತದೆ, ಅಪ್ಲೈ ಮಾಡಿ. ಸ್ಟಾರ್ಟ್ ಮೆನುವಿನ ಐಕಾನ್‌ಗೂ ಇಂಥ ಕೀ ಇರಬಹುದು, ಅದು ಕಣ್ಣಿಗೆ ಬೀಳುವುದಿಲ್ಲ.

ಏನೂ ತೆರೆಯದೆ ಕೀ ಸುಮ್ನೆ ಮಾಯವಾದರೆ ಗಡಿಯಾರದ ಪಕ್ಕದ ಚಿಕ್ಕ ಬಾಣ ಒತ್ತಿ. ಅಲ್ಲಿ ಅಡಗಿ ಕುಳಿತ ಪ್ರೋಗ್ರಾಂಗಳನ್ನು ಒಂದೊಂದಾಗಿ ಎಕ್ಸಿಟ್ ಮಾಡಿ, ಪ್ರತಿ ಸಲ ಶಾರ್ಟ್‌ಕಟ್ ಒತ್ತಿ ನೋಡಿ. ಟೈಪಿಂಗ್ ತಂತ್ರಾಂಶದಿಂದಲೇ ಶುರು ಮಾಡಿ. ಕೆಲವು ಎಫ್11, ಎಫ್12ರಂಥ ಕೀ ಹಿಡಿದಿರುತ್ತವೆ, ಬ್ರೌಸರ್‌ನಲ್ಲಿ ಎಫ್11 ಒತ್ತಿದರೆ ಪೂರ್ಣ ಪರದೆ ಬರುವುದಿಲ್ಲ. ಸ್ಕ್ರೀನ್‌ಶಾಟ್, ಸ್ಕ್ರೀನ್ ರೆಕಾರ್ಡರ್, ಕ್ಲಿಪ್‌ಬೋರ್ಡ್ ಪ್ರೋಗ್ರಾಂಗಳು ಆಮೇಲೆ. ಎಲ್ಲವನ್ನೂ ಒಮ್ಮೆಗೇ ಮುಚ್ಚಬೇಡಿ. ಆಗ ಸರಿಯಾಗುತ್ತದೆ, ಆದರೆ ಯಾರಿಂದ ಎಂದು ಗೊತ್ತಾಗುವುದಿಲ್ಲ. ಸಿಕ್ಕ ಮೇಲೆ ಆ ಪ್ರೋಗ್ರಾಂನ ಸೆಟ್ಟಿಂಗ್ಸ್‌ನಲ್ಲಿ ಕೀ ಬದಲಿಸಿ.

ಅದಕ್ಕೂ ಸಿಗದಿದ್ದರೆ ಕ್ಲೀನ್ ಬೂಟ್, ಅಂದರೆ ಹೊರಗಿನ ಪ್ರೋಗ್ರಾಂಗಳನ್ನು ಬಿಟ್ಟು ವಿಂಡೋಸ್ ಶುರು ಮಾಡುವುದು. ಸಿಸ್ಟಮ್ ಕಾನ್ಫಿಗರೇಶನ್ ತೆರೆದು, ಸರ್ವಿಸಸ್ ಟ್ಯಾಬ್‌ನಲ್ಲಿ ಮೊದಲು ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್‌ಗೆ ಟಿಕ್ ಹಾಕಿ, ಆಮೇಲೆ ಮಾತ್ರ ಡಿಸೇಬಲ್ ಆಲ್. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯನ್ನೂ ಆಫ್ ಮಾಡಿ ರೀಸ್ಟಾರ್ಟ್. ತೊಂದರೆ ಹೋದರೆ ಅರ್ಧರ್ಧ ಆನ್ ಮಾಡುತ್ತಾ ಹುಡುಕಿ. ಬೂಟ್ ಟ್ಯಾಬ್ ಮುಟ್ಟಬೇಡಿ. ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುವ ಸಿಸ್ಟಮ್ ಆದರೆ ಅದರ ಸರ್ವಿಸ್ ಕೂಡ ನಿಲ್ಲಬಹುದು, ರಿಟರ್ನ್ ಕೊನೆಯ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಮುಗಿದ ಮೇಲೆ ಎಲ್ಲವನ್ನೂ ಮೊದಲಿನಂತೆ ಆನ್ ಮಾಡಿ, ಆಂಟಿವೈರಸ್ ಸೇರಿ.

ಲಕ್ಷಣ: ಒಂದೇ ಪ್ರೋಗ್ರಾಂನಲ್ಲಿ ಮಾತ್ರ ತೊಂದರೆ

ಬೇರೆ ಕಡೆ ಸರಿ, ವರ್ಡ್‌ನಲ್ಲಿ ಮಾತ್ರ ಇಲ್ಲ ಎಂದರೆ ವರ್ಡ್‌ನೊಳಗೇ ಹುಡುಕಿ. ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್, ಕೆಳಗಡೆ ಕೀಬೋರ್ಡ್ ಶಾರ್ಟ್‌ಕಟ್ಸ್ ಪಕ್ಕದ ಕಸ್ಟಮೈಸ್. ಪ್ರೆಸ್ ನ್ಯೂ ಶಾರ್ಟ್‌ಕಟ್ ಕೀ ಖಾನೆಯಲ್ಲಿ ನಿಮ್ಮ ಜೋಡಿ ಒತ್ತಿದರೆ ಅದು ಈಗ ಯಾವ ಕೆಲಸಕ್ಕಿದೆ ಎಂದು ತೋರಿಸುತ್ತದೆ. ಇಷ್ಟು ನೇರವಾಗಿ ಹೇಳುವ ಪ್ರೋಗ್ರಾಂಗಳು ಕಡಿಮೆ. ಬ್ರೌಸರ್ ಆದರೆ ಎಕ್ಸ್‌ಟೆನ್ಶನ್‌ಗಳ ಪುಟದಲ್ಲಿ ಕೀಬೋರ್ಡ್ ಶಾರ್ಟ್‌ಕಟ್ಸ್ ನೋಡಿ. ಗ್ಲೋಬಲ್ ಎಂದಿರುವ ಎಕ್ಸ್‌ಟೆನ್ಶನ್ ಬ್ರೌಸರ್ ಹೊರಗೂ ಕೀ ಹಿಡಿಯುತ್ತದೆ.

ವಿಚಿತ್ರ ಅನಿಸುವ ಒಂದು ಲಕ್ಷಣ: ಕನ್ನಡ ತಂತ್ರಾಂಶ ಎಲ್ಲ ಕಡೆ ಓಡುತ್ತದೆ, ಒಂದು ಪ್ರೋಗ್ರಾಂನೊಳಗೆ ಮಾತ್ರ ಸ್ವಿಚ್ ಆಗುವುದೇ ಇಲ್ಲ. ಆ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿರಬಹುದು. ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚು ಅಧಿಕಾರದ ಕಿಟಕಿಯ ಕೀಗಳಿಗೆ ಕೈ ಹಾಕದಂತೆ ವಿಂಡೋಸ್ ತಡೆಯುತ್ತದೆ. ಐಕಾನ್‌ನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಟ್ಯಾಬ್ ತೆರೆದು ರನ್ ಆಸ್ ಅಡ್ಮಿನಿಸ್ಟ್ರೇಟರ್ ಟಿಕ್ ತೆಗೆದು ನೋಡಿ. ಟೈಪಿಂಗ್ ತಂತ್ರಾಂಶಕ್ಕೂ ಅಡ್ಮಿನ್ ಅಧಿಕಾರ ಕೊಡುವುದು ಇನ್ನೊಂದು ದಾರಿ, ನನಗೆ ಅದು ಇಷ್ಟವಿಲ್ಲ.

ವಿಂಡೋಸ್ ಬದಲು ಉಬುಂಟು, ಮ್ಯಾಕ್ ಇದ್ದರೆ

ಇಲ್ಲಿ ಪರವಾಗಿಲ್ಲ. ಉಬುಂಟುವಿನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಹೊಸ ಶಾರ್ಟ್‌ಕಟ್ ಕೊಡಲು ಹೋದರೆ, ಅಲ್ಲೇ ಪಟ್ಟಿಯಲ್ಲಿರುವ ಇನ್ನೊಂದರ ಜೊತೆ ಡಿಕ್ಕಿಯಾದರೆ ಅದೇ ಹೇಳುತ್ತದೆ. ಮ್ಯಾಕ್‌ನ ಕೀಬೋರ್ಡ್ ಶಾರ್ಟ್‌ಕಟ್ಸ್ ಪಟ್ಟಿಯಲ್ಲಿ ಡಿಕ್ಕಿಯಾದ ಸಾಲಿಗೆ ಹಳದಿ ತ್ರಿಕೋನ ಬೀಳುತ್ತದೆ. ಉಬುಂಟುವಿನಲ್ಲಿ ಕನ್ನಡ ಟೈಪಿಂಗ್‌ಗೆ ಐಬಸ್ ತಂತ್ರಾಂಶ ಬಳಸುವವರು ಅದರ ಪ್ರಿಫರೆನ್ಸಸ್ ಕೂಡ ನೋಡಿ. ಎಮೋಜಿಗೆಂದು ಅದು ಇಟ್ಟುಕೊಂಡ ಕೀ ಬೇರೆ ಪ್ರೋಗ್ರಾಂಗಳಿಗೆ ಅಡ್ಡ ಬರುತ್ತದೆ.

ಎಲ್ಲಿ ನಿಲ್ಲಿಸಬೇಕು

ಕ್ಲೀನ್ ಬೂಟ್ ಮಾಡಿದರೂ ಹೋಗದಿದ್ದರೆ, ರಿಜಿಸ್ಟ್ರಿ (ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್ಸ್ ಇಟ್ಟುಕೊಳ್ಳುವ ಜಾಗ) ತೆರೆಯಬೇಕು ಅನಿಸಿದರೆ ಅಲ್ಲಿಗೆ ನಿಲ್ಲಿಸಿ. ಯಾವುದೋ ವಿಡಿಯೋ ನೋಡಿ ರಿಜಿಸ್ಟ್ರಿ ತಿದ್ದಬೇಡಿ. ಸರ್ಕಾರಿ ಕಚೇರಿಯ ಸಿಸ್ಟಮ್ ಆದರೆ ಇನ್ನೂ ಮುಂಚೆಯೇ ನಿಲ್ಲಿಸಿ, ಅಲ್ಲಿನ ತಾಂತ್ರಿಕ ಸಿಬ್ಬಂದಿಗೆ ಹೇಳಿ. ನೀವು ಒತ್ತದೆಯೇ ಕಿಟಕಿಗಳು ತೆರೆದು ಮುಚ್ಚುತ್ತಿದ್ದರೆ, ಮೌಸ್ ತಾನೇ ಓಡುತ್ತಿದ್ದರೆ ಅದು ಶಾರ್ಟ್‌ಕಟ್ ಜಗಳ ಇರಲಾರದು. ಇಂಟರ್ನೆಟ್ ಕಡಿದು, ಪರೀಕ್ಷೆ ಮಾಡಿಸುವವರೆಗೆ ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ಕೀ ಬದಲಿಸಿಕೊಡುವ ಪುಕ್ಕಟೆ ಪ್ರೋಗ್ರಾಂ ಕಂಡಲ್ಲೆಲ್ಲ ಇಳಿಸಿಕೊಳ್ಳಬೇಡಿ. ನೀವು ಒತ್ತುವ ಪ್ರತಿ ಕೀ ಅದಕ್ಕೆ ಕಾಣುತ್ತದೆ, ಪಾಸ್‌ವರ್ಡ್ ಕೂಡ. ಬೇಕೇ ಬೇಕಿದ್ದರೆ ಮೈಕ್ರೋಸಾಫ್ಟ್‌ನದ್ದೇ ಪವರ್‌ಟಾಯ್ಸ್ ಇದೆ, ಅದರಲ್ಲಿನ ಕೀಬೋರ್ಡ್ ಮ್ಯಾನೇಜರ್ ಸಾಕು. ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿನವರು ಎನಿಡೆಸ್ಕ್ (ದೂರದಿಂದ ನಿಮ್ಮ ಸಿಸ್ಟಮ್ ನಡೆಸುವ ಪ್ರೋಗ್ರಾಂ) ಹಾಕಿ ಕೋಡ್ ಹೇಳಿ ಎಂದರೆ ಫೋನ್ ಇಡಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ರಿಪೇರಿಗೆ ತರುವುದಾದರೆ ಒಂದು ಚೀಟಿಯಲ್ಲಿ ಬರೆದು ತನ್ನಿ: ಯಾವ ಕೀ ಒತ್ತಿದಾಗ, ಯಾವ ಪ್ರೋಗ್ರಾಂನಲ್ಲಿ, ಏನಾಗಬೇಕಿತ್ತು, ಏನಾಯಿತು, ಅದಕ್ಕೆ ಮುಂಚೆ ಹೊಸದಾಗಿ ಏನು ಇನ್‌ಸ್ಟಾಲ್ ಮಾಡಿದ್ರಿ. ಕೀಬೋರ್ಡನ್ನೂ ಜೊತೆಗೆ ತನ್ನಿ. ಬರೀ ಸಿಪಿಯು ತಂದರೆ ನಮ್ಮ ಕೀಬೋರ್ಡ್ ಹಾಕಿ ನೋಡುತ್ತೇವೆ, ಎಲ್ಲ ಸರಿಯಾಗಿಯೇ ಇರುತ್ತದೆ.